ಗರಡಿ ಮನೆಯಿಂದ ನೋಡಿದ ಕಾಳಗದ ಚಿತ್ರಗಳು



ದತ್ತಿ ಉಪನ್ಯಾಸಕ್ಕೆ ವಚನವನ್ನೋ ಕೀರ್ತನೆಯನ್ನೋ ಜನಪದ ಕಾವ್ಯವನ್ನೋ ಆರಿಸಿಕೊಳ್ಳುವುದು ವಾಡಿಕೆ. ಮಾದಪ್ಪನ ಪರಸೆ ಹಾದುಹೋಗುವ ಈ ಶಾಗ್ಯದ ಸೀಮೆಯಲ್ಲಂತೂ ಮಹದೇಶ್ವರ ಕಾವ್ಯದ ಬಗ್ಗೆ, ಮಂಟೇಸ್ವಾಮಿ ಕಾವ್ಯದ ಬಗ್ಗೆ ಎಷ್ಟು ಮಾತಾಡಿದರೂ ತೀರದು. ಹಾಗಿದ್ದೂ ಏಷ್ಯಾದ ಕಾಳಗದ ಚಿತ್ರಗಳ ಮೇಲೆ ಮಾತಾಡುತ್ತೇನೆ ಎಂದಾಗ ದತ್ತಿಯವರು ಸಂತೋಷದಿಂದ ಒಪ್ಪಿಕೊಂಡರು. ಅವರಿಗೆ ನನ್ನ ನಮಸ್ಕಾರ.

‘ಫೈಟಿಂಗ್ ಪಿಚ್ಚರ್’ ಎಂದು ನಾವು ಹೆಸರಿಟ್ಟು, ಹುಡುಗರ ಹುಚ್ಚು ಎಂದು ಪಕ್ಕಕ್ಕೆ ಸರಿಸಿದ ಚಿತ್ರಗಳಲ್ಲಿ ಕೆಲವು ಕಳೆದ ನೂರು ವರ್ಷಗಳ ಅತ್ಯುತ್ತಮ ಕಲಾಕೃತಿಗಳ ಸಾಲಿಗೆ ಸೇರುತ್ತವೆ. ಇದು ನನ್ನ ದೃಢವಾದ ನಂಬಿಕೆ. ಅವು ಯಾವುವು, ಯಾಕೆ ದೊಡ್ಡವು ಎಂದು ಹೇಳುವುದಕ್ಕೆ ಬೇಕಾದ ಅಳತೆಗೋಲನ್ನು ಹೊರಗಿನಿಂದ ತರಬೇಕಾಗಿಲ್ಲ. ಚಾಮರಾಜನಗರದ ಜಟ್ಟಿಗಳ ಗರಡಿಯಲ್ಲಿ, ನಮ್ಮ ಹೊಲದ ಬದುಗಳಲ್ಲಿ ನಿಂತಿರುವ ವೀರಗಲ್ಲುಗಳಲ್ಲಿ ಅದು ಇದೆ. ಆ ಕೋಲನ್ನು ಹಿಡಿದುಕೊಂಡೇ ಜಪಾನಿಗೂ ಹಾಂಗ್‌ಕಾಂಗಿಗೂ ಹೋಗಿ, ಕೊನೆಗೆ ಕನ್ನಡಕ್ಕೆ ಬರೋಣ.

ಮೈಸೂರು ಅರಮನೆಯ ಅಂಗಳದಲ್ಲಿ ವಿಜಯದಶಮಿಯ ದಿನ ವಜ್ರಮುಷ್ಟಿ ಕಾಳಗ ನಡೆಯುವುದನ್ನು ನಿಮ್ಮಲ್ಲಿ ಹಲವರು ಟೀವಿಯಲ್ಲಾದರೂ ನೋಡಿದ್ದೀರಿ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರ, ಈ ನಾಲ್ಕು ಕಡೆಯ ಜಟ್ಟಿಗಳು ಅದಕ್ಕೆ ಇಳಿಯುತ್ತಾರೆ. ತಲೆ ಬೋಳಿಸಿಕೊಂಡು, ಬಲಗೈ ಬೆರಳುಗಳಿಗೆ ಮೊನಚಾದ ವಜ್ರನಖ ತೊಟ್ಟು, ಎದುರೆದುರು ನಿಲ್ಲುತ್ತಾರೆ. ಒಬ್ಬನ ತಲೆಯಲ್ಲಿ ಒಂದು ತೊಟ್ಟು ರಕ್ತ ಕಂಡೊಡನೆ ಕಾಳಗ ಮುಗಿಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋದ ವರ್ಷಗಳೂ ಉಂಟು. ಆ ಒಂದು ಗಳಿಗೆಗಾಗಿ ಅವರು ದಿನಗಟ್ಟಲೆ ತಾಲೀಮು ಮಾಡಿರುತ್ತಾರೆ, ಊಟದಲ್ಲಿ ಪಥ್ಯ ಹಿಡಿದಿರುತ್ತಾರೆ, ನಿಂಬುಜಾದೇವಿಗೆ ನಡೆದುಕೊಂಡಿರುತ್ತಾರೆ. ಕಲಿಕೆ ಬೆಟ್ಟದಷ್ಟು, ಹೊಡೆತ ಸಾಸಿವೆಯಷ್ಟು. ಅದೂ ರಕ್ತ ಕಂಡಲ್ಲಿಗೆ ಕೈ ತಡೆಯಬೇಕು. ತಡೆಯಲಾರದವನು ಜಟ್ಟಿಯಲ್ಲ.

ಇದು ನಿನ್ನೆ ಮೊನ್ನೆಯದಲ್ಲ. ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಭಾಗವೇ ಇದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳ ಮೇಲೆ ಹೇಗೆ ವಿಂಗಡಿಸಬೇಕು, ಅವರಿಗೆ ಏನು ಉಣ್ಣಲು ಕೊಡಬೇಕು, ಯಾವ ಸಾಮು ಮಾಡಿಸಬೇಕು ಎಂದು ಅದು ಹೇಳುತ್ತದೆ. ಒಬ್ಬ ದೊರೆ ಸಂಗೀತ, ಚಿತ್ರ, ಅಡುಗೆಗಳ ಜೊತೆಯಲ್ಲೇ ಮಲ್ಲವಿದ್ಯೆಯನ್ನೂ ಇಟ್ಟು ಬರೆದ ಎಂಬುದನ್ನು ಗಮನಿಸಿ. ಕಾಳಗ ಕಲೆಯ ಪಂಕ್ತಿಯಲ್ಲೇ ಕೂತಿತ್ತು.

ಇನ್ನು ವೀರಗಲ್ಲು. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಹೋರಾಟ: ತುರುಗಳನ್ನು ಹೊಡೆದುಕೊಂಡು ಹೋಗಲು ಬಂದವರನ್ನು ಒಬ್ಬ ತಡೆಯುತ್ತಿದ್ದಾನೆ. ನಡುವಿನ ಪಟ್ಟಿಯಲ್ಲಿ ಸತ್ತವನನ್ನು ದೇವಕನ್ಯೆಯರು ಕರೆದೊಯ್ಯುತ್ತಿದ್ದಾರೆ. ಮೇಲಿನದರಲ್ಲಿ ಅವನು ಶಿವನ ಸನ್ನಿಧಿಯಲ್ಲಿ ಕುಳಿತಿದ್ದಾನೆ. ಸಿನಿಮಾ ಹುಟ್ಟುವುದಕ್ಕೆ ನೂರಾರು ವರ್ಷ ಮೊದಲೇ ನಮ್ಮ ಶಿಲ್ಪಿಗಳು ಒಂದಾದ ಮೇಲೊಂದು ದೃಶ್ಯ ಕಡೆದು ಕಾಳಗದ ಕಥೆ ಹೇಳಿದ್ದಾರೆ. ಹೋರಾಟಕ್ಕೆ ಅವರು ಕೊಟ್ಟದ್ದು ಒಂದು ಪಟ್ಟಿ. ಅವನು ಯಾರಿಗಾಗಿ ಸತ್ತ, ಸತ್ತು ಏನಾದ ಎಂಬುದಕ್ಕೆ ಉಳಿದ ಕಲ್ಲನ್ನೆಲ್ಲ ಕೊಟ್ಟರು. ಇವತ್ತಿನ ಎಷ್ಟೋ ಚಿತ್ರಗಳು ಕೆಳಗಿನ ಪಟ್ಟಿಯನ್ನೇ ಎರಡೂವರೆ ಗಂಟೆ ಎಳೆಯುತ್ತವೆ.

ಹಾಗಾಗಿ ನಾನು ಕೇಳುವುದು ಎರಡು ಪ್ರಶ್ನೆ. ಪರದೆಯ ಮೇಲಿನ ಮೈ ನಿಜವಾಗಿ ಏನನ್ನಾದರೂ ಕಲಿತಿದೆಯೆ, ಆ ಕಲಿಕೆಯನ್ನು ಕ್ಯಾಮೆರಾ ಮುಚ್ಚಿಡದೆ ತೋರಿಸಿದೆಯೆ? ಯಾರಿಗಾಗಿ ಈ ಕಾಳಗ, ಅದರ ಬೆಲೆಯನ್ನು ತೆತ್ತವರು ಯಾರು?

ಈ ಎರಡಕ್ಕೂ ತುಂಬು ಉತ್ತರ ಕೊಡುವ ಚಿತ್ರ ಅಕಿರಾ ಕುರೊಸಾವಾ ಅವರ ‘ಸೆವೆನ್ ಸಮುರಾಯ್’. 1954ರದು. ಅದೇ ವರ್ಷ ನಮ್ಮಲ್ಲಿ ‘ಬೇಡರ ಕಣ್ಣಪ್ಪ’ ಬಂತು, ರಾಜ್‌ಕುಮಾರ್ ನಾಯಕರಾದರು. ಅದೇ ವರ್ಷ ಶಂಕರ್‌ನಾಗ್ ಹುಟ್ಟಿದರು. ಅವರ ಹೆಸರು ಮತ್ತೆ ಬರುತ್ತದೆ.

‘ಸೆವೆನ್ ಸಮುರಾಯ್’ ಬೇಸಾಯಗಾರರ ಕಥೆ. ಗುಡ್ಡದ ತಪ್ಪಲಿನ ಒಂದು ಹಳ್ಳಿ. ಬಾರ್ಲಿ ಕೊಯ್ಲಾದ ಕೂಡಲೇ ಡಕಾಯಿತರು ಬರುತ್ತಾರೆಂದು ತಿಳಿಯುತ್ತದೆ. ಊರ ಮುದುಕ ಹೇಳುತ್ತಾನೆ: ಹಸಿದ ಸಮುರಾಯ್‌ಗಳನ್ನು ಹುಡುಕಿ ತನ್ನಿ. ಕೊಡಲು ಹಣವಿಲ್ಲ, ಒಕ್ಕಲಿಗರ ಹತ್ತಿರ ಇರುವುದು ಒಂದಿಷ್ಟು ಅಕ್ಕಿ. ಪೇಟೆಗೆ ಹೋದವರು ಹಿರಿಯ ಸಮುರಾಯ್ ಕಾಂಬೆಯ ಮುಂದೆ ಅನ್ನದ ಬಟ್ಟಲು ಇಡುತ್ತಾರೆ. ಆತ ಆಗುವುದಿಲ್ಲವೆಂದು ಹೇಳಿಬಿಟ್ಟಿದ್ದಾನೆ. ಅಷ್ಟುಹೊತ್ತೂ ಒಕ್ಕಲಿಗರನ್ನು ಗೇಲಿ ಮಾಡುತ್ತಿದ್ದ ಕೂಲಿಯವನೊಬ್ಬ ಆಗ ತಡೆಯಲಾರದೆ ಬಾಯಿ ಬಿಡುತ್ತಾನೆ: ಇವರು ತಿನ್ನುವುದು ಊದಲು, ನಿಮಗೆ ಕೊಡುತ್ತಿರುವುದು ಅನ್ನ. ಕಾಂಬೆ ಆ ಬಟ್ಟಲನ್ನು ಎತ್ತಿಕೊಳ್ಳುತ್ತಾನೆ, ಈ ಅನ್ನವನ್ನು ವ್ಯರ್ಥಮಾಡುವುದಿಲ್ಲ ಎನ್ನುತ್ತಾನೆ. ರಾಗಿ, ಜೋಳ, ಊದಲು ಬೆಳೆದು ಉಂಡ ಸೀಮೆಯವರಿಗೆ ಆ ಬಟ್ಟಲಿನ ತೂಕವನ್ನು ನಾನು ವಿವರಿಸಬೇಕಾಗಿಲ್ಲ. ಜಗತ್ತಿನ ಕಾಳಗದ ಚಿತ್ರಗಳಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವ ದೃಶ್ಯ ಇದೇ, ಇದರಲ್ಲಿ ಯಾರೂ ಕತ್ತಿ ಎತ್ತುವುದಿಲ್ಲ.

ಆಮೇಲೆ ಕಲಿಕೆ. ಚಿತ್ರ 207 ನಿಮಿಷ ಇದೆ, ಅದರಲ್ಲಿ ಬಹುಪಾಲು ಸಿದ್ಧತೆಯದು. ಕಾಂಬೆ ಊರಿನ ನಕ್ಷೆ ಬರೆಯುತ್ತಾನೆ. ಎಲ್ಲಿ ಬೇಲಿ ಕಟ್ಟಬೇಕು, ಯಾವ ಗದ್ದೆಗೆ ನೀರು ಬಿಡಬೇಕು, ಯಾವ ದಾರಿಯನ್ನು ಬೇಕೆಂದೇ ತೆರೆದಿಡಬೇಕು ಎಂದು ಲೆಕ್ಕ ಹಾಕುತ್ತಾನೆ. ಬಿದಿರಿನ ಈಟಿ ಹಿಡಿದ ರೈತರು ಮೊದಮೊದಲು ತಡವರಿಸುತ್ತಾರೆ, ನಾಚುತ್ತಾರೆ, ಆಮೇಲೆ ಕಾಲು ಕಿತ್ತು ಸಾಲಾಗಿ ಓಡಲು ಕಲಿಯುತ್ತಾರೆ. ಹೊಳೆಯಾಚೆಯ ಮೂರು ಮನೆಗಳನ್ನು ಬಿಟ್ಟುಕೊಡಬೇಕಾಗುತ್ತದೆ, ಆ ಮನೆಯವರು ಈಟಿ ಎಸೆದು ಹೊರಡುತ್ತಾರೆ. ಕಾಂಬೆ ಕತ್ತಿ ಹಿರಿದು ಅಟ್ಟಿಸಿಕೊಂಡು ಬಂದು ಅವರನ್ನು ಸಾಲಿಗೆ ಸೇರಿಸುತ್ತಾನೆ. ಊರು ಒಟ್ಟಾಗಿ ಬದುಕುವುದು ಎಷ್ಟು ಕಷ್ಟದ ವಿದ್ಯೆ ಎಂದು ತೋರಿಸುವ ಚಿತ್ರ ಇದು.

ಏಳು ಜನರಲ್ಲಿ ಕ್ಯೂಜೊ ಎಂಬವನು ಕತ್ತಿವರಸೆಯಲ್ಲಿ ಸಿದ್ಧಿ ಪಡೆದವನು. ಒಂದು ರಾತ್ರಿ ಯಾರಿಗೂ ಹೇಳದೆ ಹೋಗಿ, ಬೆಳಗಿನ ಮಂಜಿನಲ್ಲಿ ಡಕಾಯಿತರ ಒಂದು ಬಂದೂಕು ಹಿಡಿದು ಬರುತ್ತಾನೆ, ಇಬ್ಬರನ್ನು ಕೊಂದೆ ಎಂದಷ್ಟೇ ಹೇಳಿ ಮರದ ಬುಡದಲ್ಲಿ ಕೂತು ನಿದ್ದೆ ಹೋಗುತ್ತಾನೆ. ಅಂಥವನು ಕೊನೆಗೆ ಸಾಯುವುದು ಬಂದೂಕಿನ ಗುಂಡಿಗೆ. ಚಿತ್ರದಲ್ಲಿ ಸಾಯುವ ನಾಲ್ಕೂ ಸಮುರಾಯ್‌ಗಳು ಗುಂಡಿಗೇ ಬಲಿಯಾಗುತ್ತಾರೆ, ಕತ್ತಿಗೆ ಒಬ್ಬನೂ ಇಲ್ಲ. ಇಡೀ ಜೀವಮಾನದ ತಾಲೀಮು ದೂರದಲ್ಲಿ ಅಡಗಿ ಕುಳಿತವನ ಒಂದು ಬೆರಳಿನ ಮುಂದೆ ನಿಲ್ಲಲಾರದು. ಈ ಕಾಡಂಚಿನ ಊರುಗಳಿಗೆ ಅದು ಬರೀ ಕಥೆಯಲ್ಲ. 1992ರಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ಕಾಡುಗಳ್ಳರು ನಡೆಸಿದ ದಾಳಿಯನ್ನು ನೆನೆಸಿಕೊಳ್ಳುವ ಹಿರಿಯರು ಇಲ್ಲಿದ್ದಾರೆ. 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ಅದೇ ಗುಂಪು ರಾಜ್‌ಕುಮಾರ್ ಅವರನ್ನು ಅಪಹರಿಸಿ 108 ದಿನ ಕಾಡಿನಲ್ಲಿ ಇಟ್ಟುಕೊಂಡದ್ದೂ ಬಂದೂಕಿನ ಬಲದಿಂದಲೇ.

ಕುರೊಸಾವಾ ಚಿತ್ರದ ಕೊನೆಯಲ್ಲಿ ಗುಡ್ಡದ ಮೇಲೆ ನಾಲ್ಕು ಮಣ್ಣಿನ ಗುಪ್ಪೆಗಳು, ಅವುಗಳ ಮೇಲೆ ನೆಟ್ಟ ಕತ್ತಿಗಳು. ಕೆಳಗೆ ಹಾಡಿಕೊಂಡು ನಾಟಿ ಹಾಕುತ್ತಿರುವ ರೈತರು. ಗೆದ್ದವರು ಅವರು, ನಾವಲ್ಲ ಎನ್ನುತ್ತಾನೆ ಕಾಂಬೆ. ನಮ್ಮ ವೀರಗಲ್ಲಿನ ಶಿಲ್ಪಿ ಆ ಗುಪ್ಪೆಗಳನ್ನು ನೋಡಿದ್ದರೆ ತನ್ನವೇ ಎಂದುಕೊಳ್ಳುತ್ತಿದ್ದ. ಒಂದು ವ್ಯತ್ಯಾಸ ಮಾತ್ರ ಇದೆ. ಶಿಲ್ಪಿ ವೀರನನ್ನು ಸ್ವರ್ಗಕ್ಕೆ ಕಳಿಸಿದ, ಕುರೊಸಾವಾ ಮಣ್ಣಿನಲ್ಲೇ ಬಿಟ್ಟು ನಾಟಿಯ ಕಡೆಗೆ ಕ್ಯಾಮೆರಾ ತಿರುಗಿಸಿದರು.

ಜಪಾನಿನಿಂದ ಇನ್ನೂ ಒಂದು ಹೆಸರು ಹೇಳಲೇಬೇಕು, ಮಸಾಕಿ ಕೊಬಯಾಶಿ ಅವರ 1962ರ ‘ಹರಾಕಿರಿ’. ಯಜಮಾನನ ಮನೆಯ ಮರ್ಯಾದೆ ಎಂಬುದು ಬಡವನ ಹೊಟ್ಟೆ ಸೀಳುವಷ್ಟು ಕ್ರೂರವಾಗಬಲ್ಲದು ಎಂದು ತೋರಿಸಿದ ಚಿತ್ರ. ಕತ್ತಿ ಹೊರಬರುವುದು ಕೊನೆಗೆ. ಅಲ್ಲಿಯವರೆಗೆ ಒಬ್ಬ ಮುದಿ ಸಮುರಾಯ್ ಅಂಗಳದ ನಡುವೆ ಕೂತು ಮಾತಾಡುತ್ತಾನೆ, ಆ ಮಾತೇ ಕತ್ತಿಗಿಂತ ಹರಿತವಾಗಿದೆ.

ಹಾಂಗ್‌ಕಾಂಗಿನ ಚಿತ್ರಗಳಿಗೆ ಬರೋಣ. ಗರಡಿಯ ಕಣ್ಣಿನಿಂದ ನೋಡಿದರೆ ಅಲ್ಲಿನ ಸರ್ವಶ್ರೇಷ್ಠ ಚಿತ್ರ ಲಾವ್ ಕಾರ್-ಲ್ಯುಂಗ್ ಅವರ ‘ದಿ 36ತ್ ಚೇಂಬರ್ ಆಫ್ ಶಾವೊಲಿನ್’, 1978ರದು. ಲಾವ್ ಅವರು ಪುಸ್ತಕ ಓದಿ ಕುಂಗ್‌ಫು ತಿಳಿದವರಲ್ಲ. ಅವರ ತಂದೆ ಲಾಮ್ ಸಾಯ್-ವಿಂಗ್ ಅವರ ಶಿಷ್ಯ, ಲಾಮ್ ಸಾಯ್-ವಿಂಗ್ ಪ್ರಸಿದ್ಧ ಗುರು ವಾಂಗ್ ಫೇ-ಹುಂಗ್ ಅವರ ಶಿಷ್ಯ. ಗುರುವಿನಿಂದ ಶಿಷ್ಯನಿಗೆ ಕೈಯಿಂದ ಕೈಗೆ ದಾಟಿಬಂದ ವಿದ್ಯೆಯನ್ನು ಅವರು ಕ್ಯಾಮೆರಾದ ಮುಂದೆ ಇಟ್ಟರು.

ಕಥೆ ಸರಳ. ಊರವರ ಮೇಲೆ ನಡೆದ ದೌರ್ಜನ್ಯದಿಂದ ಓಡಿಬಂದ ಯುವಕನೊಬ್ಬ ಶಾವೊಲಿನ್ ಮಠ ಸೇರುತ್ತಾನೆ. ಅಲ್ಲಿ ಮೂವತ್ತೈದು ಕೋಣೆಗಳು, ಒಂದೊಂದರಲ್ಲಿ ಒಂದೊಂದು ಪಾಠ. ಹುಡುಗ ಅವಸರದವನು, ನೇರವಾಗಿ ಎಲ್ಲಕ್ಕಿಂತ ಮೇಲಿನ ಕೋಣೆಗೆ ಹೋಗುತ್ತೇನೆಂದು ಹಟ ಹಿಡಿಯುತ್ತಾನೆ. ಒಳಗೆ ಕಾಲಿಟ್ಟೊಡನೆ ಹೊರಗೆ ಬೀಳುತ್ತಾನೆ. ಎದ್ದು ಬಂದು ಮೊದಲನೆಯ ಪಾಠದಿಂದ ಶುರುಮಾಡುತ್ತಾನೆ. ಅದು ಊಟಕ್ಕೆ ಹೋಗುವ ದಾರಿಯಲ್ಲಿ ನೀರಿನ ಮೇಲೆ ತೇಲುವ ದಿಮ್ಮಿಗಳನ್ನು ಮೆಟ್ಟಿ ದಾಟುವುದು. ದಾಟಲಾಗದಿದ್ದರೆ ನೀರಿಗೆ ಬೀಳಬೇಕು, ಒದ್ದೆಯಾದವನಿಗೆ ಊಟವಿಲ್ಲ. ಆಮೇಲೆ ನೀರು ತುಂಬಿದ ಬಾನಿಗಳನ್ನು ಚಾಚಿದ ತೋಳುಗಳಲ್ಲಿ ಹೊರುವುದು, ತೋಳು ಕೆಳಗಿಳಿದರೆ ಕಂಕುಳಿಗೆ ಕಟ್ಟಿದ ಕತ್ತಿ ಪಕ್ಕೆಗೆ ತಾಗುತ್ತದೆ. ಉದ್ದ ಗಳುವಿನ ತುದಿಯ ಭಾರದಿಂದ ಗಂಟೆ ಬಾರಿಸುವುದು. ಚಿತ್ರದ ನಡುಭಾಗವೆಲ್ಲ ಇದೇ. ಶತ್ರುವಿನ ಮೇಲೆ ಎತ್ತಿದ ಕೈ ಒಂದೂ ಇಲ್ಲದೆ ಇಷ್ಟು ಹೊತ್ತು ಉಸಿರು ಬಿಗಿಹಿಡಿದು ಕೂರಿಸುವ ಚಿತ್ರವನ್ನು ನಾನು ಇನ್ನೊಂದು ನೋಡಿಲ್ಲ. ನಟ ಗಾರ್ಡನ್ ಲಿಯು ಅವರ ಭುಜ ನಡುಗುವುದು, ಮೈ ಬಾಗುವುದು, ಕಡೆಗೆ ಅದೇ ಮೈ ಸಲೀಸಾಗಿ ನಡೆಯುವುದು ಪೂರ್ತಿ ಕಾಣುತ್ತದೆ.

ಎಲ್ಲ ಕಲಿತ ಮೇಲೆ ಆತ ಗುರುಗಳಲ್ಲಿ ಒಂದು ಕೇಳುತ್ತಾನೆ: ಮೂವತ್ತಾರನೆಯ ಕೋಣೆ ತೆರೆಯೋಣ, ಮಠದ ಹೊರಗಿನ ಸಾಮಾನ್ಯ ಜನಕ್ಕೆ ಇದನ್ನು ಹೇಳಿಕೊಡುವ ಕೋಣೆ. ಚಿತ್ರದ ಹೆಸರು ಬಂದದ್ದು ಆ ಒಂದು ಕೋರಿಕೆಯಿಂದ. ವಿದ್ಯೆ ಯಾರ ಸ್ವತ್ತು ಎಂಬ ಪ್ರಶ್ನೆಯನ್ನು ಇಷ್ಟು ನೇರವಾಗಿ ಎತ್ತಿದ ಚಿತ್ರವನ್ನು ಶಾಲೆಗಳಲ್ಲಿ ತೋರಿಸಬೇಕು ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಇಲ್ಲಿ ಒಂದು ಮಾತು. ಶಾವೊಲಿನ್ ವಿದ್ಯೆಯನ್ನು ಕಂಚಿಯಿಂದ ಹೋದ ಬೋಧಿಧರ್ಮ ಕಲಿಸಿದ, ಹಾಗಾಗಿ ಕುಂಗ್‌ಫು ನಮ್ಮದೇ ಎಂದು ನಮ್ಮ ಕಡೆ ಎದೆ ಉಬ್ಬಿಸಿ ಹೇಳುವುದುಂಟು. 2011ರ ತಮಿಳು ಚಿತ್ರ ‘ಏಳಾಂ ಅರಿವು’ ಅದನ್ನು ಇನ್ನಷ್ಟು ಹಬ್ಬಿಸಿತು. ಬೋಧಿಧರ್ಮನಿಗೂ ಶಾವೊಲಿನ್ ವ್ಯಾಯಾಮಕ್ಕೂ ಗಂಟು ಹಾಕಿದ್ದು 17ನೇ ಶತಮಾನದ ಒಂದು ಗ್ರಂಥ, ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ನಮಗೆ ಹೆಮ್ಮೆ ಪಡಲು ಜಟ್ಟಿಗಳಿದ್ದಾರೆ, ‘ಮಾನಸೋಲ್ಲಾಸ’ ಇದೆ. ಇನ್ನೊಬ್ಬರ ಮನೆಯ ದೀಪವನ್ನು ನಮ್ಮದೆನ್ನಬೇಕಾಗಿಲ್ಲ.

ಬ್ರೂಸ್ ಲೀ ಅವರ ಹೆಸರಿಗೆ ಕಾಯುತ್ತಿರುವ ಯುವಕರು ಇಲ್ಲಿದ್ದಾರೆ, ಗೊತ್ತು. ಅವರು ತೀರಿಕೊಂಡದ್ದು 1973ರ ಜುಲೈ 20ರಂದು, 32ನೇ ವಯಸ್ಸಿನಲ್ಲಿ. ‘ಎಂಟರ್ ದ ಡ್ರ್ಯಾಗನ್’ ತೆರೆಗೆ ಬಂದದ್ದು ಅದರ ಮುಂದಿನ ತಿಂಗಳು. ಆಮೇಲೆ ನಮ್ಮ ಸಣ್ಣ ಸಣ್ಣ ಪೇಟೆಗಳಲ್ಲೂ ಕರಾಟೆ ತರಗತಿಗಳು ಹುಟ್ಟಿಕೊಂಡವು, ಗೋಡೆ ಗೋಡೆಯ ಮೇಲೆ ಅವರ ಚಿತ್ರ ಬಂತು. ಆ ಮೈಯ ವೇಗ, ಆ ಮುಖದ ಉರಿ ಮತ್ತೆ ಯಾರಿಗೂ ಬರಲಿಲ್ಲ. ಆದರೂ ಚಿತ್ರವಾಗಿ ‘ಎಂಟರ್ ದ ಡ್ರ್ಯಾಗನ್’ಗಿಂತ 1972ರ ‘ಫಿಸ್ಟ್ ಆಫ್ ಫ್ಯೂರಿ’ ಮೇಲು. ಪರಕೀಯರ ಅವಮಾನ ಉಂಡ ಊರಿನಲ್ಲಿ ಗುರುವನ್ನು ಕಳೆದುಕೊಂಡ ಶಿಷ್ಯನ ದುಃಖ ಅದರಲ್ಲಿದೆ. ದುಃಖವಿಲ್ಲದ ಹೊಡೆದಾಟ ಕಣ್ಣಿಗಷ್ಟೇ.

ಕಿಂಗ್ ಹೂ ಅವರ ‘ಎ ಟಚ್ ಆಫ್ ಝೆನ್’ (1971) ಬಗ್ಗೆ ಒಂದು ಇಡೀ ಸಂಜೆ ಮಾತಾಡಬಹುದು. ಬಿದಿರು ಮೆಳೆಯ ನಡುವೆ ಬಿಸಿಲು ಕೋಲುಕೋಲಾಗಿ ಇಳಿಯುವಾಗ ನಡೆಯುವ ಅದರ ಕಾಳಗವನ್ನು ಬಿಳಿಗಿರಿಯ ಬಿದಿರು ಕಂಡವರು ನೋಡಬೇಕು. 2000ದಲ್ಲಿ ಬಂದು ನಾಲ್ಕು ಆಸ್ಕರ್ ಗೆದ್ದ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ನ ಬಿದಿರು ತುದಿಯ ಹೋರಾಟ ಆ ಚಿತ್ರಕ್ಕೆ ಸಲ್ಲಿಸಿದ ಗೌರವ. ಕಿಂಗ್ ಹೂ ಅವರ 1966ರ ‘ಕಮ್ ಡ್ರಿಂಕ್ ವಿತ್ ಮಿ’ಯಲ್ಲಿ ನಾಯಕಿಯಾಗಿದ್ದ ಚೆಂಗ್ ಪೇ-ಪೇ ನೃತ್ಯ ಕಲಿತವರು. ಕತ್ತಿ ಹಿಡಿದ ಹೆಣ್ಣನ್ನು ಅವರು ಎಂಥ ಗಾಂಭೀರ್ಯದಿಂದ ತೋರಿಸಿದರೆಂದರೆ, ಮೂವತ್ತನಾಲ್ಕು ವರ್ಷಗಳ ಮೇಲೆ ‘ಕ್ರೌಚಿಂಗ್ ಟೈಗರ್’ಗೂ ಅವರನ್ನೇ ಕರೆದರು.

ಈಗ ಕನ್ನಡಕ್ಕೆ ದಾರಿಮಾಡುವ ಒಂದು ಸಂಗತಿ. ಜಾಕಿ ಚಾನ್, ಸಾಮೊ ಹಂಗ್, ಯುಯೆನ್ ಬಿಯಾವ್ ಮೂವರೂ ಎಳೆವಯಸ್ಸಿನಲ್ಲೇ ಹಾಂಗ್‌ಕಾಂಗಿನ ಒಂದು ನಾಟಕ ಶಾಲೆ ಸೇರಿದವರು. ಯು ಜಿಮ್-ಯುಯೆನ್ ಎಂಬ ಗುರುಗಳ ಕೈಕೆಳಗೆ ಪೀಕಿಂಗ್ ಒಪೆರಾದ ಹಾಡು, ಅಭಿನಯ, ಲಾಗ, ಕತ್ತಿವರಸೆ ಎಲ್ಲವನ್ನೂ ವರ್ಷಗಟ್ಟಲೆ ಕಲಿತರು. ಓದು ಕಡಿಮೆ, ಏಟು ಹೆಚ್ಚು. ಹಾಂಗ್‌ಕಾಂಗ್ ಸಿನಿಮಾ ನಿಂತದ್ದು ಆ ನಾಟಕದ ಮೈಗಳ ಮೇಲೆ. ಇಲ್ಲಿ ನಿಮ್ಮ ಸೀಮೆಯ ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯನವರು, ಮುಂದೆ ರಾಜ್‌ಕುಮಾರ್ ಆದ ತಮ್ಮ ಮಗ ಮುತ್ತುರಾಜನನ್ನು ಎಳೆವಯಸ್ಸಿನಲ್ಲೇ ಗುಬ್ಬಿ ವೀರಣ್ಣನವರ ಕಂಪನಿಗೆ ಕರೆದುಕೊಂಡು ಹೋದರು. ಶಾಲೆ ಅಲ್ಲಿಗೇ ನಿಂತಿತು. ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನು ತಂದ ಕಂಪನಿ ಅದು. ಹಾಡಬೇಕು, ಕಂದ ಹೇಳಬೇಕು, ಗದೆ ಎತ್ತಬೇಕು, ಹಿಂದಿನ ಸಾಲಿಗೂ ಮೈ ಕಾಣುವಂತೆ ನಿಲ್ಲಬೇಕು. ರಾಜ್‌ಕುಮಾರ್ ಅವರ ಮೈ ತಯಾರಾದದ್ದು ಆ ಗರಡಿಯಲ್ಲಿ. ಹಾಂಗ್‌ಕಾಂಗಿನ ಒಪೆರಾ ಶಾಲೆಗೂ ನಮ್ಮ ಕಂಪನಿ ನಾಟಕಕ್ಕೂ ಇರುವ ಈ ನಂಟನ್ನು ನಮ್ಮ ಸಿನಿಮಾ ಚರಿತ್ರೆ ಬರೆಯುವವರು ಇನ್ನೂ ಸರಿಯಾಗಿ ಹಿಡಿದಿಲ್ಲ ಎಂಬುದು ನನ್ನ ದೂರು.

ಆ ಮೈಯನ್ನು ನೋಡಬೇಕಾದರೆ 1960ರ ‘ರಣಧೀರ ಕಂಠೀರವ’ ನೋಡಿ. ಚಿತ್ರಗಳಿಲ್ಲದೆ ಕಲಾವಿದರು ಕಷ್ಟದಲ್ಲಿದ್ದ ಕಾಲ. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್ ಇವರೆಲ್ಲ ಸೇರಿ ಕಲಾವಿದರ ಸಂಘ ಕಟ್ಟಿ, ತಾವೇ ನಿರ್ಮಿಸಿದ ಚಿತ್ರ ಅದು. ಕಥೆ 17ನೇ ಶತಮಾನದ ಕಂಠೀರವ ನರಸರಾಜ ಒಡೆಯರದು. ಮಾರುವೇಷದಲ್ಲಿ ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಜಟ್ಟಿಯನ್ನು ಅವರು ಸೋಲಿಸಿದ ಪ್ರಸಂಗ ಮೈಸೂರು ಸೀಮೆಯಲ್ಲಿ ಮನೆಮಾತು. ಬದುಕು ಕಟ್ಟಿಕೊಳ್ಳಲು ಹೆಣಗುತ್ತಿದ್ದ ಕನ್ನಡ ಚಿತ್ರರಂಗ ತನ್ನ ಉಳಿವಿಗಾಗಿ ಆರಿಸಿಕೊಂಡದ್ದು ಒಬ್ಬ ಜಟ್ಟಿ ದೊರೆಯನ್ನು ಎಂಬುದು ನನಗೆ ಬಹಳ ದೊಡ್ಡ ವಿಷಯ. ಪಟ್ಟು ಹಾಕುವ ರಾಜ್‌ಕುಮಾರ್ ಅವರ ನಿಲುವನ್ನು ನೋಡಿ, ಕಾಲು ನೆಲದಲ್ಲಿ ಊರಿದೆ, ಕಣ್ಣು ಎದುರಾಳಿಯ ಭುಜದ ಮೇಲಿದೆ. 1975ರ ‘ಮಯೂರ’ದ ಕತ್ತಿವರಸೆಗಳಲ್ಲಿಯೂ ಅದೇ ನಿಲುವು.

ಏಷ್ಯಾದ ದೊಡ್ಡ ಚಿತ್ರಗಳ ಪಕ್ಕದಲ್ಲಿ ತಲೆಯೆತ್ತಿ ನಿಲ್ಲುವ ಕನ್ನಡದ ಒಂದು ಚಿತ್ರ ಹೆಸರಿಸಿ ಎಂದರೆ ನಾನು ಹೇಳುವುದು ‘ಒಂದಾನೊಂದು ಕಾಲದಲ್ಲಿ’. ಗಿರೀಶ ಕಾರ್ನಾಡರ ನಿರ್ದೇಶನ, 1978. ‘36ತ್ ಚೇಂಬರ್’ ಬಂದ ವರ್ಷವೇ. ಕಾರ್ನಾಡರು ಕುರೊಸಾವಾ ಅವರ ಋಣವನ್ನು ಮುಚ್ಚಿಟ್ಟವರಲ್ಲ. ಎರಡು ಬಣಗಳ ನಡುವೆ ಬರುವ ಕೂಲಿ ಕತ್ತಿಯವನ ಕಥೆ ಕುರೊಸಾವಾ ಅವರ 1961ರ ‘ಯೋಜಿಂಬೊ’ದಲ್ಲಿದೆ. ಇಟಲಿಯವರು ಅದನ್ನೇ ಕೌಬಾಯ್ ಚಿತ್ರ ಮಾಡಿಕೊಂಡರು. ಕಾರ್ನಾಡರು ಆ ಬೀಜವನ್ನು ಹೊಯ್ಸಳರ ಕಾಲದ ಕನ್ನಡ ನೆಲದಲ್ಲಿ ಊರಿದರು, ಹುಟ್ಟಿದ ಗಿಡ ಪೂರ್ತಿ ನಮ್ಮದು.

ಜಗಳವಾಡುವ ಇಬ್ಬರು ದಾಯಾದಿ ನಾಯಕರು. ಒಬ್ಬನ ಕಡೆ ಕೂಲಿಗೆ ನಿಂತ ಗಂಡುಗಲಿ, ಅವನೇ ಶಂಕರ್‌ನಾಗ್, ಅವರ ಮೊದಲ ಕನ್ನಡ ಚಿತ್ರ. ಇನ್ನೊಬ್ಬನ ಕಡೆ ದಳಪತಿ ಪೆರ್ಮಾಡಿ, ಅದು ಸುಂದರಕೃಷ್ಣ ಅರಸು. ಇಬ್ಬರೂ ವೈರಿಗಳು, ಇಬ್ಬರಿಗೂ ಮತ್ತೊಬ್ಬನ ಕೈಚಳಕದ ಮೇಲೆ ಗೌರವ. ತಾವು ಯಾರಿಗಾಗಿ ಪ್ರಾಣ ಪಣಕ್ಕಿಟ್ಟಿದ್ದೇವೋ ಆ ಒಡೆಯರು ಅದಕ್ಕೆ ಯೋಗ್ಯರಲ್ಲ ಎಂಬುದು ಇಬ್ಬರಿಗೂ ನಿಧಾನವಾಗಿ ತಿಳಿಯುತ್ತದೆ. ಅನ್ನದ ಋಣ ತೀರಿಸುವುದಕ್ಕೆ ಹೋದ ಕತ್ತಿ ಅನ್ಯಾಯದ ಕೈಯಲ್ಲಿದ್ದರೆ ಏನು ಮಾಡಬೇಕು? ಕುರುಕ್ಷೇತ್ರದಲ್ಲಿ ಕರ್ಣ ಎದುರಿಸಿದ ಪ್ರಶ್ನೆ ಇದು. ಕರ್ಣ ಬದಲಾಗಲಿಲ್ಲ. ಈ ಇಬ್ಬರು ಬದಲಾಗುತ್ತಾರೆ, ಒಟ್ಟಿಗೆ ನಿಲ್ಲುತ್ತಾರೆ. ನನ್ನ ದೃಷ್ಟಿಯಲ್ಲಿ ಕಾರ್ನಾಡರು ‘ಯೋಜಿಂಬೊ’ವನ್ನೂ ದಾಟಿ ಹೋದದ್ದು ಇಲ್ಲಿ. ಕುರೊಸಾವಾ ಅವರ ನಾಯಕ ಕೆಲಸ ಮುಗಿಸಿ ಒಂಟಿಯಾಗಿ ಹೊರಟುಬಿಡುತ್ತಾನೆ. ಗಂಡುಗಲಿಗೆ ಸಿಕ್ಕುವುದು ವೈರಿಯೊಳಗಿನ ಗೆಳೆಯ.

ಅಪೂರ್ವ ಕಿಶೋರ್ ಬೀರ್ ಅವರ ಛಾಯಾಗ್ರಹಣದಲ್ಲಿ ಕಾಡು, ಕಲ್ಲು, ಬೆವರು ಎಲ್ಲಕ್ಕೂ ಭಾರವಿ‌ದೆ. ಕತ್ತಿಗಳು ತೂಕವಾಗಿವೆ. ನಾಲ್ಕು ಏಟಿಗೆ ಉಸಿರು ಹತ್ತುತ್ತದೆ, ಬಿದ್ದವನು ತಟ್ಟನೆ ಏಳುವುದಿಲ್ಲ. ಭಾಸ್ಕರ ಚಂದಾವರ್ಕರ್ ಅವರ ಸಂಗೀತ ಎಲ್ಲಿ ಸುಮ್ಮನಿರಬೇಕೋ ಅಲ್ಲಿ ಸುಮ್ಮನಿದೆ. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. 1979ರ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶಂಕರ್‌ನಾಗ್ ಅತ್ಯುತ್ತಮ ನಟರಾದರು, ಆಗ ಅವರಿಗೆ ಇನ್ನೂ 24. ಆಮೇಲೆ ಅವರಿಗಿದ್ದದ್ದು ಹನ್ನೊಂದು ವರ್ಷ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಹತ್ತಿರ ರಸ್ತೆ ಅಪಘಾತದಲ್ಲಿ ಹೋದರು. ಆಟೋಗಳ ಹಿಂದೆ ಅವರ ಚಿತ್ರ ಬರೆಸುವ ಹುಡುಗರು ದಯವಿಟ್ಟು ಈ ಚಿತ್ರವನ್ನೂ ಹುಡುಕಿ ನೋಡಬೇಕು.

ಆ ದಾರಿಯಲ್ಲಿ ಕನ್ನಡ ಚಿತ್ರರಂಗ ಮುಂದೆ ಹೋಗಲಿಲ್ಲ ಎಂಬುದು ನನ್ನ ಸಂಕಟ. ನಮ್ಮ ಸಾಹಸ ಕಲಾವಿದರಲ್ಲಿ ಧೈರ್ಯಕ್ಕೆ ಕೊರತೆ ಇಲ್ಲ. ‘ಕೆಜಿಎಫ್’ನ ಎರಡೂ ಭಾಗಗಳ ಸಾಹಸಕ್ಕೆ ರಾಷ್ಟ್ರಪ್ರಶಸ್ತಿ ಬಂದಿದೆ. ಆದರೆ ಬಹುಪಾಲು ಚಿತ್ರಗಳಲ್ಲಿ ಒಂದು ಏಟನ್ನು ಮೂರು ತುಂಡು ಮಾಡಿ, ತಂತಿ ಕಟ್ಟಿ ಹತ್ತು ಜನರನ್ನು ಗಾಳಿಗೆ ಎಸೆದು, ಕಿವಿ ಒಡೆಯುವ ಸದ್ದು ತುಂಬುತ್ತಾರೆ. ಮೈ ಏನು ಮಾಡಿತೆಂದು ಕಾಣುವುದೇ ಇಲ್ಲ. ಕಲಿಕೆಗೆ ಸಮಯ ಕೊಡದೆ ಅಪಾಯವನ್ನು ಮಾತ್ರ ಕೇಳಿದರೆ ಏನಾಗುತ್ತದೆ ಎಂಬುದನ್ನು 2016ರ ನವೆಂಬರ್ 7ರಂದು ನಾವು ಕಂಡೆವು. ‘ಮಾಸ್ತಿಗುಡಿ’ ಚಿತ್ರೀಕರಣದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರಿನಿಂದ ಧುಮುಕಿದ ನಟರಾದ ಅನಿಲ್ ಮತ್ತು ಉದಯ್ ಮೇಲೆ ಬರಲಿಲ್ಲ. ಗರಡಿಯಲ್ಲಿ ಉಸ್ತಾದರ ಅಪ್ಪಣೆಯಿಲ್ಲದೆ ಹುಡುಗ ಮಟ್ಟಿಗೆ ಇಳಿಯುವಂತಿಲ್ಲ. ಆ ನಿಯಮ ಚಿತ್ರೀಕರಣದ ಜಾಗಕ್ಕೂ ಬೇಕು.

ಕಲಿತ ಮೈಗಳು ನಮ್ಮಲ್ಲಿ ಇಲ್ಲವೆ? ಮಾದಪ್ಪನ ದೇವರಗುಡ್ಡರ ಬೀಸು ಕಂಸಾಳೆಯನ್ನು ನೋಡಿ. ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ದಾರಕ್ಕೆ ಕಟ್ಟಿದ ತಾಳ. ಅದು ತಲೆಯ ಮೇಲೆ, ಬೆನ್ನ ಹಿಂದೆ, ಕಾಲ ಸಂದಿಯಲ್ಲಿ ಸುತ್ತಿ ಬಂದು ಪಕ್ಕದವನ ಬಟ್ಟಲಿಗೆ ತಾಗಬೇಕು. ಲಯ ಒಂದಿಷ್ಟು ತಪ್ಪಿದರೂ ಹಿತ್ತಾಳೆ ಜೊತೆಗಾರನ ಹಣೆಗೆ ಬಡಿಯುತ್ತದೆ. ಲಾವ್ ಕಾರ್-ಲ್ಯುಂಗ್ ಇಲ್ಲಿ ಹುಟ್ಟಿದ್ದರೆ ಕ್ಯಾಮೆರಾವನ್ನು ದೂರದಲ್ಲಿಟ್ಟು, ತುಂಡರಿಸದೆ, ಇದನ್ನೇ ಹಿಡಿಯುತ್ತಿದ್ದರು. ಚಾಮರಾಜನಗರದ ಒಬ್ಬ ಜಟ್ಟಿ ಹುಡುಗ, ವಿಜಯದಶಮಿಯ ಒಂದು ಗಳಿಗೆಗಾಗಿ ತಯಾರಾಗುವ ಕಥೆ ಇನ್ನೂ ಯಾರಾದರೂ ಮಾಡಲಿ ಎಂದು ಕಾದಿದೆ. ದುಡ್ಡು ಹೆಚ್ಚು ಬೇಡ. ಒಬ್ಬ ಉಸ್ತಾದರು, ಒಂದು ಮಟ್ಟಿ, ಒಂದು ವರ್ಷದ ಪುರುಸೊತ್ತು ಬೇಕು.

ಕೊನೆಗೆ ದತ್ತಿಯವರಲ್ಲಿ ಒಂದು ಕೋರಿಕೆ. ಬರುವ ವರ್ಷ ಉಪನ್ಯಾಸದ ಬದಲು ಶಾಗ್ಯದಲ್ಲಿ ‘ಸೆವೆನ್ ಸಮುರಾಯ್’ ತೋರಿಸಿ. ಭಾಷೆ ತಿಳಿಯುವುದಿಲ್ಲವಲ್ಲ ಎಂದು ಹೆದರಬೇಡಿ. ಮೂಕಿ ಚಿತ್ರಗಳ ಕಾಲದಲ್ಲಿ ಜಪಾನಿನಲ್ಲಿ ಬೆನ್ಶಿ ಎಂಬ ಕಥೆಗಾರರು ಪರದೆಯ ಪಕ್ಕ ನಿಂತು ಎಲ್ಲ ಪಾತ್ರಗಳ ಮಾತನ್ನೂ ತಾವೇ ಆಡುತ್ತಿದ್ದರು. ಕುರೊಸಾವಾ ಅವರ ಸ್ವಂತ ಅಣ್ಣ ಹೇಗೊ ಅಂಥ ಕಥೆಗಾರ. ತಮ್ಮನಿಗೆ ಸಿನಿಮಾ ಹುಚ್ಚು ಹತ್ತಿಸಿದವರು ಅವರೇ. ರಾತ್ರಿಯಿಡೀ ಕಂಸಾಳೆ ಹಿಡಿದು ಮಹದೇಶ್ವರನ ಕಥೆ ಹೇಳುವ ದೇವರಗುಡ್ಡರೊಬ್ಬರಿಗೆ ಮೊದಲೇ ಚಿತ್ರವನ್ನು ನಾಲ್ಕಾರು ಸಲ ತೋರಿಸಿ, ಕಥೆ ತಿಳಿಸಿ, ಪರದೆಯ ಪಕ್ಕ ನಿಲ್ಲಿಸೋಣ. ಊದಲು ತಿಂದು ಅನ್ನ ಕೊಟ್ಟ ರೈತರ ಮಾತನ್ನು ಅವರು ಈ ಸೀಮೆಯ ಕನ್ನಡದಲ್ಲಿ ಹೇಳಲಿ. ಚಿತ್ರ ಮೂರೂವರೆ ಗಂಟೆಯಷ್ಟಿದೆ, ನಡುವೆ ಕುರೊಸಾವಾ ಅವರೇ ಒಂದು ವಿರಾಮ ಇಟ್ಟಿದ್ದಾರೆ, ಊಟವನ್ನು ಆಗ ಬಡಿಸಬಹುದು. ಕೊಯ್ಲು ಮುಗಿದ ಮೇಲಿನ ಒಂದು ಶನಿವಾರ ಗೊತ್ತುಮಾಡಿದರೆ ಪ್ರೊಜೆಕ್ಟರ್ ತರುವ ಜವಾಬ್ದಾರಿ ನನ್ನದು.